ಅಂಗಡಿ ಬಾಗಿಲು ತೆಗೆದಿದ್ದೇನೆ, ಒಂದು ಸುಳ್ಳು ಒಪ್ಪಿಕೊಳ್ಳೋದಿದೆ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಿದವರಿಗೆಲ್ಲ ಗೊತ್ತು, ನನ್ನ ಟೈಲರಿಂಗ್ ಅಂಗಡಿ ಇರೋದು ಮೊದಲನೇ ಮಹಡಿಯಲ್ಲಿ. 18 ಮೆಟ್ಟಿಲು. ಒಂದು ವರ್ಷ ಏಳು ತಿಂಗಳಾದ ಮೇಲೆ ಹೋದ ಸೋಮವಾರ ಆ 18 ಮೆಟ್ಟಿಲು ಹತ್ತಿ, ನನ್ನ ಕೈಯಾರೆ ಷಟರ್ ಎತ್ತಿದೆ. ನಿಜ ಹೇಳಬೇಕು ಅಂದ್ರೆ ಅರ್ಧ ಎತ್ತಿದೆ. ಉಳಿದರ್ಧ ಎದುರಿನ ಮೊಬೈಲ್ ರಿಪೇರಿ ಹುಡುಗ ಎತ್ತಿದ. ಒಳಗೆ ಗೇಣುದ್ದ ಧೂಳು, ಇಲಿ ಕಡಿದ ಲೈನಿಂಗ್ ಬಟ್ಟೆ, ಎರಡು ದೀಪಾವಳಿ ಹಿಂದಿನ ಕ್ಯಾಲೆಂಡರ್. ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ನೆ ಅತ್ತೆ.

ನನ್ನ ಹಿಪ್ ಆಪರೇಷನ್, ಅಂದ್ರೆ ಸೊಂಟದ ಕೀಲು ಬದಲಾಯಿಸಿದ ವಿಷಯ ನಿಮಗೆಲ್ಲ ಗೊತ್ತು. ಅದಕ್ಕೂ ಮೊದಲು ಇನ್ನೊಂದು ಆಪರೇಷನ್ ಆಗಿತ್ತು. ತೂಕ ಇಳಿಸೋ ಆಪರೇಷನ್. ಅದನ್ನು ಮುಚ್ಚಿಟ್ಟೆ. "ಏನಕ್ಕಾ, ಇಷ್ಟು ಇಳಿದುಬಿಟ್ಟಿದ್ದೀರಾ" ಅಂದವರಿಗೆಲ್ಲ "ವಾಕಿಂಗು, ರಾತ್ರಿ ಅನ್ನ ಬಿಟ್ಟೆ" ಅಂದೆ. ಬಚ್ಚಲಿಗೆ ಹೋಗೋಕೆ ಗೋಡೆ ಹಿಡಿಯುತ್ತಿದ್ದವಳು ಯಾವ ವಾಕಿಂಗ್ ಹೋದಾಳು? ಯಾರೂ ಕೇಳಲಿಲ್ಲ. ಆದರೆ ಒಬ್ಬರು ನನ್ನ ಮಾತು ನಂಬಿ ಆರು ತಿಂಗಳು ರಾತ್ರಿ ಅನ್ನ ಬಿಟ್ಟು, "ನಿಮಗೆ ಇಳಿದ ಹಾಗೆ ನನಗೆ ಇಳೀಲೇ ಇಲ್ವಲ್ಲಕ್ಕಾ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. ಆವತ್ತೂ ಬಾಯಿ ಬಿಡಲಿಲ್ಲ ನಾನು. ಮೊದಲು ಅವರ ಕ್ಷಮೆ ಕೇಳುತ್ತೇನೆ. ಆಮೇಲೆ ಉಳಿದವರಿಗೆ ಥ್ಯಾಂಕ್ಸ್.

ನೋವು ಶುರುವಾದದ್ದು ಎಡ ಮಂಡಿಯಲ್ಲಿ. ಒಂದು ವರ್ಷ ಮಂಡಿಗೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಆಮೇಲೆ ತೊಡೆಸಂದಿಯಲ್ಲಿ ಹಿಡಿದುಕೊಳ್ಳತೊಡಗಿತು. ಮೈಸೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು, ಕೆಟ್ಟಿರೋದು ಮಂಡಿ ಅಲ್ಲ, ಸೊಂಟದ ಕೀಲು. ಅಲ್ಲಿನ ನೋವು ಮಂಡಿಗೂ ಇಳಿಯುತ್ತದಂತೆ. ಮೂಳೆ ಡಾಕ್ಟ್ರು ಫಿಲಂ ಹಿಂದೆ ಲೈಟ್ ಹಾಕಿ ತೋರಿಸಿದರು. ಬಲಗಡೆ ತೊಡೆಮೂಳೆ ತುದಿಯ ಚೆಂಡಿಗೂ ಅದು ಕೂರುವ ಬಟ್ಟಲಿಗೂ ನಡುವೆ ಒಂದು ಕಪ್ಪು ಗೆರೆ. ಎಡಗಡೆ ಆ ಗೆರೆಯೇ ಇಲ್ಲ. ಲೈನಿಂಗ್ ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು.

"ಕೀಲು ಬದಲಾಯಿಸಬೇಕಮ್ಮ. ಆದರೆ ಈಗ ನಾನು ಮಾಡಲ್ಲ" ಅಂದರು. ನನ್ನ ಎತ್ತರ ಐದಡಿ ಒಂದಿಂಚು, ತೂಕ 104 ಕೆಜಿ. ಎತ್ತರಕ್ಕೆ ತೂಕ ಹೋಲಿಸಿ ಬಿಎಂಐ ಅಂತ ಒಂದು ಲೆಕ್ಕ ಹಾಕ್ತಾರೆ, ನನ್ನದು 43. 40 ದಾಟಿದರೆ ಗಾಯಕ್ಕೆ ಸೋಂಕು ತಗಲುವ ಅಪಾಯ ಜಾಸ್ತಿ, ಕೀಲಿನವರೆಗೂ ಸೋಂಕು ಇಳಿದರೆ ಹಾಕಿದ ಕೀಲನ್ನೇ ಬಿಚ್ಚಿ ತೆಗೆಯಬೇಕಾಗಬಹುದು ಅಂದರು. ನನಗೆ ಕೇಳಿಸಿದ್ದು ಒಂದೇ, "ನೀನು ದಪ್ಪ". ಕೋಪ ನೆತ್ತಿಗೇರಿತು. ಇನ್ನೊಂದು ಕಡೆ ತೋರಿಸಿದೆವು. ತೂಕದ ಮಾತೇ ಎತ್ತದೆ ಮುಂದಿನ ವಾರವೇ ಮಾಡೋಣ ಅಂದರು. ನಾನು ಕುಣಿಯೋದೊಂದು ಬಾಕಿ. ಮಗಳು ಆಟೋದಲ್ಲಿ ಕೂತಮೇಲೆ, "ಅಮ್ಮ, ಬಟ್ಟೆ ಸಾಲಲ್ಲ ಅಂತ ಹೇಳೋ ಟೈಲರ್ ಒಳ್ಳೆಯವಳೋ, ಹೇಗೋ ಹೊಲಿದು ಕೊಡೋಳು ಒಳ್ಳೆಯವಳೋ" ಅಂದಳು. ನನ್ನ ಮಾತನ್ನೇ ನನಗೆ ತಿರುಗಿಸಿದಳು ಕಳ್ಳಿ. ಮೊದಲ ಡಾಕ್ಟ್ರ ಹತ್ತಿರವೇ ವಾಪಸ್ ಹೋದೆವು. ಅವರು ಆವತ್ತು "ಆಗಲ್ಲ" ಅಂದದ್ದಕ್ಕೆ ನನ್ನ ದೊಡ್ಡ ನಮಸ್ಕಾರ.

ಅವರೇ ತೂಕದ ಆಪರೇಷನ್ ಮಾಡುವ ಡಾಕ್ಟ್ರ ಹತ್ತಿರ ಕಳಿಸಿದರು. ಕೀಲು ಹೋದವರಿಗೆ ನಡೆದು ತೂಕ ಇಳಿಸೋಕೆ ಆಗಲ್ಲ, ತೂಕ ಇಳಿಯದೆ ಕೀಲು ಸಿಗಲ್ಲ. ಈ ಸುತ್ತಿನಿಂದ ಹೊರಗೆ ಬರೋಕೆ ನನಗಿದ್ದದ್ದು ಇದೊಂದೇ ದಾರಿ. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಬಾಳೆಕಾಯಿಯಂಥ ಕೊಳವೆ ಮಾಡಿ ಪಿನ್ ಹೊಡೆಯುತ್ತಾರೆ. ಅದರ ಹೆಸರು ಸ್ಲೀವ್, ಅಂದ್ರೆ ತೋಳು! ಮೂವತ್ತು ವರ್ಷದಿಂದ ದಿನಾ ಸ್ಲೀವ್ ಕತ್ತರಿಸಿದವಳಿಗೆ ಕೊನೆಗೆ ಅದೇ ಆಪರೇಷನ್. ಡಾಕ್ಟ್ರಿಗೆ ಹೇಳಿದೆ, "ಸಾರ್, ಸ್ವಲ್ಪ ಮಾರ್ಜಿನ್ ಬಿಡಿ." ನಕ್ಕರು.

ದುಡ್ಡಿನ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. ನಮ್ಮ ಬೀದಿಯ ಚೀಟಿಯ ಹೆಂಗಸರು ನನ್ನ ಸರದಿ ಬರುವ ಮುಂಚೆಯೇ ಚೀಟಿ ಎತ್ತಿಕೊಟ್ಟರು. ಅದರಲ್ಲಿ ಒಬ್ಬರ ಮಗಳ ಮದುವೆ ಎರಡು ತಿಂಗಳಲ್ಲಿತ್ತು. ಅವರಿಗೂ ನಾನು ಹೇಳಿದ್ದು "ಹೊಟ್ಟೆಯಲ್ಲಿ ಗಡ್ಡೆ" ಅಂತ. ಅಕ್ಕಂದಿರೇ, ಗಡ್ಡೆ ಇರಲಿಲ್ಲ.

ಈಗ ಮುದ್ದೆ ವಿಷಯ. ನಾವು ಮುದ್ದೆ ಅಗಿಯುವ ಜನ ಅಲ್ಲ. ಸಾರಿನಲ್ಲಿ ಅದ್ದಿ ನುಂಗೋದು. ಆಪರೇಷನ್ ಆದ ಮೇಲೆ ಮೊದಲು ಬರೀ ನೀರಿನಂಥ ಆಹಾರ, ಆಮೇಲೆ ಮೆತ್ತಗೆ ಕಿವುಚಿದ್ದು, ಆಮೇಲೆ ನಿಧಾನವಾಗಿ ಊಟ. ಮೂರನೇ ತಿಂಗಳಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ ತಟ್ಟೆಗೆ ಬಂತು. ಸೊಪ್ಪಿನ ಬಸ್ಸಾರು ಘಮ್ ಅಂತಿತ್ತು. ಕೈ ಅದರ ಪಾಡಿಗೆ ಮುರಿದು, ಅದ್ದಿ, ಗಂಟಲಿಗೆ ಹಾಕಿತು. ಅದು ಎದೆಯಲ್ಲಿ ಕೂತುಬಿಟ್ಟಿತು. ಕೆಳಗೂ ಇಳಿಯಲ್ಲ, ಮೇಲೂ ಬರಲ್ಲ. ಬಾಯಿ ತುಂಬ ಜೊಲ್ಲು, ಕಣ್ಣು ತುಂಬ ನೀರು. ನಮ್ಮ ಯಜಮಾನರು ಗಾಬರಿಯಲ್ಲಿ ಬೆನ್ನು ಗುದ್ದಿದ್ದೇ ಗುದ್ದಿದ್ದು. ಇಪ್ಪತ್ತು ನಿಮಿಷಕ್ಕೆ ವಾಂತಿಯಾಗಿ ಉಸಿರು ಬಂತು. ಅವತ್ತಿನಿಂದ ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿಯುತ್ತೇನೆ, ಮುದ್ದೆಯನ್ನೂ. ನಮ್ಮ ಅತ್ತೆ ಪಕ್ಕದಲ್ಲಿ ಕೂತು ನೋಡಿ, "ನನಗೆ ಹಲ್ಲಿಲ್ಲ, ನುಂಗ್ತೀನಿ. ನಿನಗೆ ಹೊಟ್ಟೆ ಇಲ್ಲ, ಅಗೀತೀಯ" ಅಂದರು. ಆದರೆ ದಿನಾ ನನ್ನ ಊಟ ಮುಗಿಯೋ ತನಕ, ಅರ್ಧ ಗಂಟೆ ಆಗಲಿ, ತಟ್ಟೆ ಬಿಟ್ಟು ಏಳಲಿಲ್ಲ. 78 ವರ್ಷದ ಜೀವ. ಅತ್ತೆ, ನಿಮ್ಮ ಋಣ ದೊಡ್ಡದು.

ಡಯಟ್ ಹೇಳಿಕೊಟ್ಟ ಹುಡುಗಿಗೂ ಥ್ಯಾಂಕ್ಸ್. ಅವಳು ಹೇಳಿದ ಕೋಳಿ, ಮೊಟ್ಟೆ ನಮ್ಮನೆಯಲ್ಲಿ ಸಲೀಸು. ದಿನಕ್ಕೆ 60 ಗ್ರಾಂ ಪ್ರೋಟೀನ್ ಅಷ್ಟು ಪುಟ್ಟ ಹೊಟ್ಟೆಗೆ ತುಂಬೋದು ಹೇಗೆ ಅನ್ನೋದೇ ಕಷ್ಟ. ಮೊದಲು ಪ್ರೋಟೀನ್, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕು. ನಾಲ್ಕನೇ ತಿಂಗಳು ಕೂದಲು ಕಂತೆ ಕಂತೆ ಉದುರಿತು. ತೂಕ ಬೇಗ ಇಳಿದಾಗ ಹಾಗಾಗುತ್ತೆ, ಮತ್ತೆ ಬರುತ್ತೆ ಅಂದಳು. ಬಂತು. ಅಷ್ಟರಲ್ಲಿ ಬೀದಿಯಲ್ಲಿ ನನಗೆ ಕ್ಯಾನ್ಸರ್ ಅಂತ ಸುದ್ದಿಯಾಗಿತ್ತು. ಸುಳ್ಳು ಹೇಳಿದವಳಿಗೆ ಆಗಬೇಕಾದ್ದೇ ಅಲ್ವಾ.

ಹನ್ನೊಂದು ತಿಂಗಳಿಗೆ 74 ಕೆಜಿ. ನನ್ನ ಬ್ಲೌಸ್‌ಗಳನ್ನು ನಾಲ್ಕು ಸಲ ಒಳಗೆ ಹಿಡಿದೆ, ಐದನೇ ಸಲ ಹೊಸದೇ ಹೊಲಿದುಕೊಂಡೆ. ಊರಿಗೆಲ್ಲ ಅಳತೆ ತೆಗೆಯೋಳು, ನನ್ನ ಸುತ್ತ ಟೇಪ್ ಹಿಡಿದು ಹತ್ತು ವರ್ಷ ಆಗಿತ್ತು.

ಇನ್ನೇನು ಹಿಪ್ ಆಪರೇಷನ್ ಅಂದುಕೊಂಡರೆ, ರಕ್ತದಲ್ಲಿ ಕಬ್ಬಿಣ ಕಮ್ಮಿ, ವಿಟಮಿನ್ ಡಿ ಕಮ್ಮಿ. ಊಟ ಕಮ್ಮಿಯಾದಾಗ ಇದೂ ಕಮ್ಮಿಯಾಗುತ್ತೆ, ಅದಕ್ಕೇ ಮಾತ್ರೆ ಬಿಡಬೇಡಿ ಅಂತ ಮೊದಲೇ ಹೇಳಿದ್ದರು. ನಾನು ಎರಡು ತಿಂಗಳು ಉದಾಸೀನ ಮಾಡಿದ್ದೆ. ಯಾರನ್ನೂ ಬೈಯೋಹಾಗಿಲ್ಲ. ಆರು ವಾರ ಮುಂದಕ್ಕೆ ಹೋಯಿತು. ಕಬ್ಬಿಣದ ಡ್ರಿಪ್ ಹಾಕಿಸಿಕೊಂಡೆ. ಹಲ್ಲಿನ ಡಾಕ್ಟ್ರು ಒಂದು ಹುಳುಕು ಹಲ್ಲು ಕಿತ್ತರು, ಮೈಯಲ್ಲಿ ಎಲ್ಲೂ ಸೋಂಕು ಇರಬಾರದು ಅಂತ. ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ಇಷ್ಟು ಮಾತ್ರ ಹೇಳುತ್ತೇನೆ, ಮಾತ್ರೆ ಬಿಡಬೇಡಿ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ, ಕತ್ತರಿಸಿದ ಹೊಟ್ಟೆಗೆ ಹುಣ್ಣಾಗಬಹುದು.

ಹಿಪ್ ಆಪರೇಷನ್ ಬಗ್ಗೆ ಹೇಳೋದು ಕಮ್ಮಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಸುತ್ತಿಗೆ ಬಡಿಯುವ ಸದ್ದು ಕೇಳುತ್ತಿತ್ತು, ನೋವಿರಲಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಅನ್ನೋ ಡಾಕ್ಟ್ರು 1962ರಲ್ಲಿ ಶುರು ಮಾಡಿದ ದಾರಿಯಂತೆ ಇದು. ಕೀಲಿನ ಚೆಂಡಿನ ಜಾಗಕ್ಕೆ ಅವರು ಹಾಕಿದ ಲೋಹದ ಗುಂಡು ಸುಮಾರು 22 ಮಿಲಿಮೀಟರ್, ನನ್ನ ಟೇಪಿನಲ್ಲಿ ಒಂದಿಂಚಿಗೂ ಕಮ್ಮಿ. ಕೋಟಿನ ಗುಂಡಿಯಷ್ಟು ದಪ್ಪದ್ದು ಮನುಷ್ಯನನ್ನು ಹೊರುತ್ತೆ ಅಂದ್ರೆ! ನನ್ನದು ಸ್ವಲ್ಪ ದೊಡ್ಡದು, 32.

ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಫಿಸಿಯೋ ಹುಡುಗಿ ಗದರಿಸಿ ಗದರಿಸಿ ನಡೆಸಿದಳು. ಬಗ್ಗಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ, ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಚುಚ್ಚುವ ಸೂಜಿಯನ್ನು ಮನೆಯಲ್ಲಿ ಮಗಳೇ ಹಾಕಿದಳು. ಸೂಜಿ ಹಿಡಿದೇ ಬದುಕಿದವಳು ನಾನು, ಒಂದು ದಿನವೂ ಕಣ್ಣು ಬಿಟ್ಟು ನೋಡಲಿಲ್ಲ. ಕಮೋಡ್ ಮೇಲೆ ಇಡುವ ಎತ್ತರದ ಸೀಟನ್ನು ಗಿರಾಕಿಯೊಬ್ಬರು ತಂದುಕೊಟ್ಟರು. ಅವರ ಅತ್ತೆಗೆ ತಂದದ್ದಂತೆ. ತೊಳೆದು ಇಟ್ಟಿದ್ದೇನೆ, ಬೇಕಾದವರು ಒಯ್ಯಿರಿ.

ಮನೆಯಲ್ಲೇ ಹೊಲಿಗೆ ಶುರು ಮಾಡಿದಾಗ ಸೂಜಿ, ಬಾಬಿನ್ ಕೆಳಗೆ ಬಿದ್ದರೆ ಎತ್ತಿಕೊಳ್ಳೋಕೆ ಆಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಯಾರನ್ನಾದರೂ ಕೂಗಬೇಕು. ಮೊಬೈಲ್ ರಿಪೇರಿ ಹುಡುಗ ಇದನ್ನು ನೋಡಿ, ಹಳೇ ಸ್ಪೀಕರ್ ಬಿಚ್ಚಿ ಅದರ ಮ್ಯಾಗ್ನೆಟನ್ನು ಬಿದಿರು ಕೋಲಿನ ತುದಿಗೆ ಕಟ್ಟಿಕೊಟ್ಟ. ಕೂತಲ್ಲೇ ನೆಲದ ಮೇಲೆ ಆಡಿಸಿದರೆ ಟಕ್ ಟಕ್ ಅಂತ ಸೂಜಿಗಳು ಬಂದು ಕಚ್ಚಿಕೊಳ್ಳುತ್ತವೆ. ಕಳೆದುಹೋಗಿದ್ದ ಅತ್ತೆಯ ಸೇಫ್ಟಿ ಪಿನ್ನೂ ಸಿಕ್ಕಿತು. ದುಡ್ಡು ಕೇಳಿದರೆ, "ಅಂಗಡಿಗೆ ಬನ್ನಿ ಅಕ್ಕಾ ಮೊದಲು, ಎದುರುಗಡೆ ಲೈಟ್ ಉರೀದೆ ಬೇಜಾರು" ಅಂದ.

ಅದಕ್ಕೇ ಬಂದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಎಡಗಡೆ ಆಪರೇಷನ್, ಕೋಲು ಬಲಗೈಯಲ್ಲಿ. ಒಂಬತ್ತನೇ ಮೆಟ್ಟಿಲಲ್ಲಿ ಒಂದು ಸಲ ನಿಲ್ಲುತ್ತೇನೆ, ನೋವಿಗಲ್ಲ, ಅಭ್ಯಾಸಕ್ಕೆ. ಸದ್ಯಕ್ಕೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಇರುತ್ತೇನೆ. ಬೀರುವಿನಲ್ಲಿ ಹಳೇ ಬ್ಲೌಸ್ ಮೂರು ಸಿಕ್ಕಿವೆ, ಚೀಟಿಯ ಮೇಲಿನ ಹೆಸರು ಇಲಿ ತಿಂದಿದೆ. ಒಂದು ಗಿಳಿ ಹಸಿರು, ಒಂದು ಕೆಂಪಿಗೆ ಜರಿ ಬಾರ್ಡರ್, ಇನ್ನೊಂದು ನೇರಳೆ, ಕೊಕ್ಕೆ ಹಾಕೋದು ಬಾಕಿ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ. ಇಷ್ಟು ದಿನದಲ್ಲಿ ಅಳತೆ ಹೆಚ್ಚುಕಮ್ಮಿ ಆಗಿದ್ದರೂ ಯೋಚನೆ ಬೇಡ. ಮಾರ್ಜಿನ್ ಬಿಟ್ಟಿದ್ದೇನೆ, ದುಡ್ಡು ತಗೊಳ್ಳಲ್ಲ.