ಗೊತ್ತಿಲ್ಲದ ನಂಬರಿನಿಂದ ಮಂತ್ರಿಗಳಿಗೆ ಪತ್ರ

ಪ್ರೀತಿಯ ಮಂತ್ರಿಗಳೇ,

ಬದುಕಿದ್ದೇನೆ. ಕರೆಂಟು ನಿನ್ನೆ ಸಂಜೆ ಬಂತು, ನೆಟ್‌ವರ್ಕ್ ಇವತ್ತು ಬೆಳಗ್ಗೆ. ಬಂದ ಮೇಲೆ ಅರ್ಧ ಗಂಟೆ ಫೋನು ಟುಂಯ್ ಟುಂಯ್ ಅಂತಲೇ ಇತ್ತು. ಮೊದಲು ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ನಮ್ಮ ಆನ್‌ಲೈನ್ ಚೆಸ್‌ನಲ್ಲಿ, 'ಮಂತ್ರಿ' ಅನ್ನುವ ಹೆಸರಿನ ನಿನ್ನೆದುರು, ಸಮಯ ಮುಗಿದು ನಾನು ಸೋತ ಸುದ್ದಿ. ಒಂದು ನಡೆಗೆ ಮೂರು ದಿನದ ಗಡುವು ಅಂದವನು ನಾನೇ, ಒಪ್ಪಿದೆ. ಆದರೆ ಇನ್ನೆರಡು ನಡೆಗೆ ನಿನ್ನ ಮಂತ್ರಿ ಕಾಯಿ ನನ್ನ ಕೈಲಿ ಇರುತ್ತಿತ್ತು. ಅಂಥ ಆಟವನ್ನು ಮಳೆಯ ಹೆಸರಲ್ಲಿ ಗೆದ್ದು, ಅದರ ಫೋಟೋ ಬೇರೆ ಹಾಕಿ 'ಮಲೆನಾಡು ಪರಾರಿ' ಅಂತ ಬರೆದಿದ್ದೀಯಲ್ಲ ಮಾರಾಯ. ನಮ್ಮಿಬ್ಬರಿಗೇ ಗೊತ್ತಿರುವ ಆ ಹನ್ನೆರಡನೇ ದೋಸೆಯ ಮೇಲಾಣೆ, ಇದನ್ನು ಮರೆಯಲ್ಲ.

ಈ ಪತ್ರ ಎಲ್ಲರಿಗೂ ಕಾಣುವ ಹಾಗೆ ಯಾಕೆ ಹಾಕುತ್ತಿದ್ದೇನೆ ಅಂದರೆ, ನಿನಗೊಬ್ಬನಿಗೇ ಕಳಿಸಿದರೆ ನೀನು ಓದಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಓಡಿ ಬರುತ್ತೀಯ.

ಪುನರ್ವಸು ಮಳೆ ಜೋರು ಹಿಡಿಯುವುದು ನಮಗೆ ಹೊಸದಲ್ಲ. ಈ ಸಲ ಗಾಳಿ ಜಾಸ್ತಿ. ಸೋಮವಾರ ರಾತ್ರಿ ಗೇಟಿನ ಹತ್ತಿರದ ಸಿಲ್ವರ್ ಮರ ಬುಡಸಮೇತ ಮಗುಚಿತು, ಹೋಗುವಾಗ ಎರಡು ಕರೆಂಟ್ ಕಂಬ ಎಳೆದುಕೊಂಡು ಹೋಯಿತು. ಕರೆಂಟು ಹೋದ ಮೇಲೆ ಟವರು ಕೆಲವು ಗಂಟೆ ಬ್ಯಾಟರಿಯಲ್ಲಿ ಉಸಿರಾಡುತ್ತದೆ. ಆಮೇಲೆ ಡೀಸೆಲ್ ಬೇಕು. ಡೀಸೆಲ್ ಬರುವ ರಸ್ತೆಯ ಮೇಲೇ ಇನ್ನೊಂದು ಮರ.

ಬುಧವಾರ ಬೆಳಗ್ಗೆ ಎಂಟಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆ ಅಳೆಯಲು ಹೋದೆ. ಅಪ್ಪ ಹೋದ ಮೇಲೆ ಮಳೆ ಪುಸ್ತಕ ನನ್ನ ಪಾಲಿಗೆ ಬಂದಿದೆ. ಅಳತೆ ಗ್ಲಾಸು ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ, ಲೆಕ್ಕ ತಪ್ಪಬಾರದು ಅಂತ ಬಾಯಲ್ಲಿ ಎಣಿಸುತ್ತಾ ನಿಂತೆ. ಕಾಲಿಗೆ ಹತ್ತಿದ ಇಂಬಳವನ್ನೂ (ಜಿಗಣೆ) ಬಿಡಿಸಲಿಲ್ಲ. 7 ಇಂಚು 20 ಸೆಂಟ್ಸ್ (ಒಂದು ಇಂಚಿಗೆ ನೂರು ಸೆಂಟ್ಸ್). ರಾಯಚೂರಿನವನಾದ ನಿನಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ನಿಮ್ಮ ಕಡೆ ಇಡೀ ವರ್ಷ ಬೀಳುವ ಮಳೆಯ ಕಾಲು ಭಾಗಕ್ಕಿಂತ ಜಾಸ್ತಿ, ಒಂದೇ ಹಗಲು ರಾತ್ರಿಯಲ್ಲಿ. ಹವಾಮಾನ ಇಲಾಖೆಯ ಕೆಂಪು ಬಣ್ಣದ ಎಚ್ಚರಿಕೆಗೆ (ರೆಡ್ ಅಲರ್ಟ್) 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಬೇಕು. ಅಂದರೆ ನಮ್ಮ ಲೆಕ್ಕದಲ್ಲಿ 8 ಇಂಚು ಚಿಲ್ಲರೆ. ಎಂಬತ್ತೈದು ಸೆಂಟ್ಸಿನಲ್ಲಿ ತಪ್ಪಿತು. ನಿಜ ಹೇಳಲಾ, ಸ್ವಲ್ಪ ಬೇಜಾರಾಯಿತು. ನಿನಗೆ ಹೇಳಿಕೊಳ್ಳಲು ಎಂಟು ಅಂದರೆ ಚೆನ್ನಾಗಿರುತ್ತಿತ್ತು.

ಅವತ್ತು ಮಧ್ಯಾಹ್ನ ಅಮ್ಮ ಅಂದರು, "ಅಕ್ಕನಿಗೊಂದು ಫೋನ್ ಮಾಡೋ. ಹೆದರಿರ್ತಾಳೆ." ಲೈನ್‌ಮನ್ ಬಂದಿದ್ದಾರಾ ನೋಡಿ, ಹಾಗೇ ಫೋನ್ ಮಾಡಿ ಬರುತ್ತೇನೆ ಅಂತ ಹೇಳಿ ಹೊರಟೆ. ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಅಲ್ಲಿ ಬಂಡೆಯ ಎಡಗಡೆ ನಿಂತು ಕೈ ಮೇಲೆತ್ತಿದರೆ, ದೂರದ ಯಾವುದೋ ಟವರಿನ ಒಂದು ಕಡ್ಡಿ ಸಿಗುತ್ತದೆ. ಎರಡು ಮೈಲಿ. ಅಮ್ಮ ಒಬ್ಬರೇ, ಅಡುಗೆಮನೆ ಮೂಲೆಯಲ್ಲಿ ಸೋರುವುದಕ್ಕೆ ಹಂಡೆ ಇಟ್ಟುಕೊಂಡು ಕೂತಿದ್ದರು.

ಫೋನಿನಲ್ಲಿ ಉಳಿದದ್ದು ಶೇಕಡಾ ನಾಲ್ಕು. ಒಂದು ಕಡ್ಡಿ ಬಂತು. ನಾನು ಮಾಡಿದ್ದು ಇಷ್ಟು: ನಿನ್ನ ನಂಬರಿಗೆ 'ಕುದುರೆ ಎಫ್ 5. ನೀನೇ ನಡೆಸಿಕೊ' ಅಂತ ಮೆಸೇಜು ಕಳಿಸಿದೆ. ಗಡುವಿಗೆ ಇನ್ನೂ ಒಂದು ದಿನ ಇತ್ತು ನೋಡು. ಆಮೇಲೆ ಅಕ್ಕನ ಹೆಸರು ಹುಡುಕುತ್ತಿದ್ದ ಹಾಗೇ ಫೋನು ಸತ್ತುಹೋಯಿತು.

ಅಕ್ಕ ಬೆಂಗಳೂರಿನಲ್ಲಿ ಟಿವಿ ನೋಡಿಕೊಂಡು ಇರುವವಳು. 2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜಾರಿ ಮನೆಗಳು ಹೋದಾಗಿನಿಂದ ಅವಳಿಗೆ ಮಳೆಗಾಲ ಅಂದರೆ ಒಂದೇ ಚಿತ್ರ. ಪಕ್ಕದ ಎಸ್ಟೇಟಿನ ರೈಟರಿಗೆ ಮಾಡಿದ್ದಾಳೆ, ಸಿಕ್ಕಿಲ್ಲ. ಕೊನೆಗೆ ಬಣಕಲ್ಲಿನ ಒಬ್ಬರು ಅಂಗಡಿಯವರನ್ನು ಹಿಡಿದು, ಅವರು ಜೀಪಿನವನಿಗೆ ಹೇಳಿ, ಜೀಪಿನವನು ಶುಕ್ರವಾರ ಮರ ದಾಟಿ ನಡೆದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಂತು, "ನಿಮ್ಮಕ್ಕ ಅಳ್ತಿದಾರಂತೆ" ಅಂದ. ಅಮ್ಮ ನನ್ನ ಮುಖ ನೋಡಿದರು. "ನೆಟ್‌ವರ್ಕ್ ಸಿಗಲಿಲ್ಲ ಅಂದೆನಲ್ಲ" ಅಂದೆ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಆಟದ ಬಗ್ಗೆ ಜಗಳ ತೆಗೆಯೋಣ ಅಂತ ಕೂತಿದ್ದೆ.

ಯಾಕೆ ಹಾಗೆ ಮಾಡಿದೆ ಅಂತ ಆರು ರಾತ್ರಿ ಚಿಮಣಿ ದೀಪದಲ್ಲಿ ಯೋಚಿಸಿದ್ದೇನೆ. ಅಕ್ಕನಿಗಿಂತ ನೀನು ಹೆಚ್ಚು ಅಂತ ಅಲ್ಲ, ಉಬ್ಬಬೇಡ. ಅಕ್ಕನಿಗೆ ಫೋನ್ ಮಾಡಿದರೆ ಹಂಚು ತೆಗೆಸಿದೆಯಾ, ಅಮ್ಮನ ಕಾಲು ಹೇಗಿದೆ, ಅವರನ್ನು ಇಲ್ಲಿಗೆ ಯಾವಾಗ ಕರೆದುಕೊಂಡು ಬರ್ತೀಯ ಎಲ್ಲದಕ್ಕೂ ಉತ್ತರ ಹೇಳಬೇಕು. ನನ್ನ ಹತ್ತಿರ ಉತ್ತರ ಇಲ್ಲ. 2020ರ ಲಾಕ್‌ಡೌನ್‌ನಿಂದ ನಿನಗೆ ಮಳೆಯ ಫೋಟೋ ಕಳಿಸುತ್ತಾ ಬಂದಿದ್ದೇನೆ, ಮಂಜು, ಬಿಸಿ ಕಾಫಿ, ಸುಟ್ಟ ಹಲಸಿನ ಬೀಜ. ಆ ಹಂಡೆಯ ಫೋಟೋ ಒಂದು ಸಲವೂ ಕಳಿಸಿಲ್ಲ. ನಿನ್ನ ಹತ್ತಿರ ಮಾತಾಡುವಾಗ ನಮ್ಮನೆ ಸೋರುವುದಿಲ್ಲ. ಅದಕ್ಕೇ ಅಷ್ಟು ದೂರ ನಡೆದೆ ಅನಿಸುತ್ತದೆ.

ಇರಲಿ ಬಿಡು. ಈಗ ಮುಖ್ಯ ವಿಷಯ. ಆ ಮೆಸೇಜಿಗೆ ನಿನ್ನ ಉತ್ತರ ಇವತ್ತು ಬಂತು: "ಯಾರ್ರೀ ಇದು? ಯಾವ ಕುದುರಿ?"

ನಿನಗೆ ಕಳಿಸಿದ ಹಪ್ಪಳದ ಪಾರ್ಸೆಲ್ ಮೇಲೆ ನನ್ನ ನಂಬರು ಎರಡು ಸಲ ಬರೆದಿದ್ದೆ. ಹಪ್ಪಳ ತಿಂದು ಡಬ್ಬಿ ಎಸೆದೆಯಾ? ಇಲ್ಲ, ಗೆದ್ದ ಆಟ ಕೈತಪ್ಪುತ್ತದೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆಯಾ? ಮೋಸ ಮಾಡಿದೆ ಅಂತಲೇ ಹೇಳು, ಮಂತ್ರಿ. ದಯವಿಟ್ಟು. ಮೋಸವಾದರೆ ಪರವಾಗಿಲ್ಲ.

ಹೊಸ ಆಟ ಶುರು ಮಾಡು. ಗಡುವು ಏಳು ದಿನ ಇಡು, ಪುಷ್ಯ, ಆಶ್ಲೇಷ ಇನ್ನೂ ಬಾಕಿ ಇವೆ. ನಂಬರ್ ಸೇವ್ ಮಾಡಿಕೊ, 'ಪರಾರಿ' ಅಂತ ಹಾಕಿಕೊಂಡರೂ ಸರಿ. ಅಕ್ಕ ಇಲ್ಲಿಗೆಲ್ಲ ಬರುವವಳಲ್ಲ, ಯಾರೂ ಅವಳಿಗೆ ಕಳಿಸಬೇಡಿ, ದಮ್ಮಯ್ಯ.

ಇಂತಿ,
ಎಫ್ 5ರ ಕುದುರೆಯ ಮಾಲೀಕ

ತಾ.ಕ.: ಈ ವರ್ಷ ಹಪ್ಪಳ ಕೇಳಬೇಡ. ಡಬ್ಬಿ ಇಟ್ಟಿದ್ದು ಅಡುಗೆಮನೆಯ ಅದೇ ಮೂಲೆಯಲ್ಲಿ.