ಹಗ್ಗ ಹಾವಾಗುವುದು ಕಣ್ಣಿನ ದೋಷವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಪ್ರಜ್ಞೆ ಕುರಿತ ಲೇಖನ ಮೂರು ಮಾತು ಹೇಳುತ್ತದೆ: ಕಣ್ಣು ಕ್ಯಾಮೆರಾದಂತೆ ಇದ್ದುದನ್ನು ಇದ್ದ ಹಾಗೆ ತೋರಿಸುತ್ತದೆ, ಭ್ರಮೆಯೆಂದರೆ ಆ ಕ್ಯಾಮೆರಾದ ದೋಷ, ನಾವು ಮಿದುಳಿನ ಹತ್ತರಲ್ಲೊಂದು ಪಾಲನ್ನಷ್ಟೇ ಬಳಸುತ್ತೇವೆ. ಮೂರನೆಯದನ್ನು ಮೊದಲು ಮುಗಿಸಿಬಿಡೋಣ. ಮಿದುಳಿನ ತೂಕ ದೇಹದ ಶೇ 2ರಷ್ಟು. ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ಇಷ್ಟು ಉಣ್ಣುವ ಅಂಗದ ಒಂಬತ್ತು ಪಾಲು ಕೆಲಸವಿಲ್ಲದೆ ಬಿದ್ದಿದ್ದರೆ ಜೀವವಿಕಾಸ ಅದನ್ನು ಎಂದೋ ಕಳಚಿಹಾಕುತ್ತಿತ್ತು. ಉಳಿದೆರಡು ಮಾತುಗಳಿಗೆ ಸ್ವಲ್ಪ ಜಾಗ ಬೇಕು.

ಹಗ್ಗವನ್ನು ಹಾವೆಂದು ಕಾಣುವ ಉದಾಹರಣೆ ನಮ್ಮ ವೇದಾಂತಿಗಳಿಗೆ ಹಳೆಯದು. ಅವರ ಪ್ರಶ್ನೆ, ತೋರಿದ್ದು ನಿಜವೇ ಎಂಬುದು. ಜೀವವಿಕಾಸ ಕೇಳುವುದು ಬೇರೆಯದನ್ನೇ: ಹಗ್ಗ ಹಾವಾಗಿ ಕಾಣುವಷ್ಟು ಸಲೀಸಾಗಿ ಹಾವು ಹಗ್ಗವಾಗಿ ಏಕೆ ಕಾಣುವುದಿಲ್ಲ? ಮಂಡ್ಯ ಕಡೆ ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಕಟ್ಟಲು ಬದುವಿನ ಮೇಲೆ ನಡೆಯುವವರಿಗೆ ಇದರ ಲೆಕ್ಕ ಗೊತ್ತು. ತರಗಿನ ನಡುವೆ ಬಿದ್ದ ಪೈಪಿನ ತುಂಡನ್ನು ಕೊಳಕುಮಂಡಲ ಎಂದುಕೊಂಡರೆ ಹೋಗುವುದು ಒಂದು ಹೆಜ್ಜೆ, ನಾಲ್ಕು ಎದೆಬಡಿತ. ಕೊಳಕುಮಂಡಲವನ್ನು ಪೈಪೆಂದುಕೊಂಡರೆ ಕಾಲು ಹೋಗಬಹುದು, ಜೀವವೂ ಹೋಗಬಹುದು. ಎರಡನೆಯ ತಪ್ಪು ಮೊದಲನೆಯದಕ್ಕಿಂತ 500 ಪಟ್ಟು ದುಬಾರಿ ಎಂದಿಟ್ಟುಕೊಳ್ಳಿ. ಆಗ ಎದುರಿಗಿರುವುದು ಹಾವಾಗಿರುವ ಸಾಧ್ಯತೆ 500ರಲ್ಲಿ ಒಂದಕ್ಕಿಂತ ತುಸು ಹೆಚ್ಚಿದ್ದರೂ ಹಿಂದಕ್ಕೆ ಹಾರುವುದೇ ಲಾಭ. ಅಂದರೆ ಐನೂರು ಸಲ ಬೆಚ್ಚಿ, 499 ಸಲ ಪೆಚ್ಚಾದವನ ಕಣ್ಣಿನಲ್ಲಿ ದೋಷವೇನೂ ಇಲ್ಲ, ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ರ‍್ಯಾಂಡಾಲ್ಫ್ ನೆಸ್ಸಿ ಎಂಬ ವೈದ್ಯ ವಿಜ್ಞಾನಿ ಇದನ್ನು ಹೊಗೆ ಅಲಾರಂಗೆ ಹೋಲಿಸುತ್ತಾರೆ: ಒಗ್ಗರಣೆಗೂ ಕೂಗುವ ಅಲಾರಂ ಬೇಕು, ಬೆಂಕಿಗೂ ಸುಮ್ಮನಿರುವುದು ಬೇಡ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಕಾಕ್ ಕೋತಿಗಳ ಮಿದುಳಿನ ಪಲ್ವಿನಾರ್ ಎಂಬ ಭಾಗದ ಕೋಶಗಳು ಮುಖ, ಕೈ, ಜ್ಯಾಮಿತಿ ಆಕೃತಿಗಳಿಗಿಂತ ಹಾವಿನ ಚಿತ್ರಕ್ಕೆ ಬೇಗನೆ, ಜೋರಾಗಿ ಸ್ಪಂದಿಸಿದವು.

ಇನ್ನು ಕ್ಯಾಮೆರಾದ ಮಾತು. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಯ ಆಸುಪಾಸು. ಅಲ್ಲಿಂದ ಮಿದುಳಿಗೆ ಹೋಗುವ ತಂತುಗಳು ಹತ್ತು–ಹನ್ನೆರಡು ಲಕ್ಷ ಮಾತ್ರ. ನೂರಕ್ಕೆ ಒಂದರಂತೆ ಸೋಸಿಯೇ ಕಳಿಸುವ ವ್ಯವಸ್ಥೆ ಇದು. ಆ ತಂತುಗಳು ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕಿನ ಕೋಶಗಳೇ ಇಲ್ಲ. ಅದು ಕುರುಡು ಚುಕ್ಕೆ. ಆಕ್ಟೋಪಸ್‌ನ ಕಣ್ಣಿನಲ್ಲಿ ತಂತುಗಳು ಹಿಂದಿನಿಂದ ಹೊರಡುವುದರಿಂದ ಅದಕ್ಕೆ ಈ ತಾಪತ್ರಯವಿಲ್ಲ.

ಓದುಗರು ಇದನ್ನು ಮನೆಯಲ್ಲೇ ನೋಡಬಹುದು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ ಎಡಕ್ಕೆ ಒಂದು ಕೂಡು ಚಿಹ್ನೆ ಬರೆದು, ಅದೇ ಗೆರೆಯ ಮೇಲೆ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಅರ್ಧ ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡು ಚಿಹ್ನೆಯನ್ನೇ ನೋಡುತ್ತ, ತೋಳಿನಷ್ಟು ದೂರದಿಂದ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ಬಳಿ ಚುಕ್ಕೆ ಮಾಯವಾಗುತ್ತದೆ. ಆಗದಿದ್ದರೆ ಕಾರಣ ಬಹುಮಟ್ಟಿಗೆ ಒಂದೇ: ಚುಕ್ಕೆ ಹೋಯಿತೇ ಎಂದು ನೋಡುವ ಆಸೆಗೆ ಕಣ್ಣು ಅತ್ತ ಜಾರಿರುತ್ತದೆ. ಹಾಳೆ ಓರೆಯಾದರೂ ಕೆಡುತ್ತದೆ, ಏಕೆಂದರೆ ಕುರುಡು ಚುಕ್ಕೆ ಇರುವುದು ನೋಟದ ನಡುವಿನಿಂದ ಸುಮಾರು 15 ಡಿಗ್ರಿ ಪಕ್ಕಕ್ಕೆ, ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿ. ಮಾಯವಾದಾಗ ಅಲ್ಲಿ ಏನಿದೆ ಎಂಬುದನ್ನು ಗಮನಿಸಿ. ತೂತು ಕಾಣುವುದಿಲ್ಲ, ನೋಟ್‌ಬುಕ್ಕಿನ ನೀಲಿ ಗೆರೆ ಕಡಿಯದೆ ಸಾಗಿರುತ್ತದೆ. ಆ ಗೆರೆಯನ್ನು ಎಳೆದದ್ದು ನಿಮ್ಮ ಮಿದುಳು. ಇಂಥ ತೇಪೆ ಹಾಕುವ ಕ್ಯಾಮೆರಾ ಯಾವ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ.

ಕಿವಿಯದೂ ಇದೇ ಪಾಡು. ಕಲ್ಲು, ಕಳ್ಳು ಎರಡೂ ಇಂಗ್ಲಿಷರ ಕಿವಿಗೆ ಒಂದೇ. ಕಿವಿ ಮಂದವೆಂದಲ್ಲ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ತೋರಿಸಿದಂತೆ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ–ಟ ಭೇದವನ್ನು ಚೆನ್ನಾಗಿಯೇ ಹಿಡಿಯುತ್ತವೆ; ವರ್ಷ ತುಂಬುವ ಹೊತ್ತಿಗೆ ಅದನ್ನು ಬಿಟ್ಟುಕೊಡುತ್ತವೆ. ಸುತ್ತಲಿನವರ ಮಾತಿಗೆ ಬೇಡದ ಭೇದವನ್ನು ಮಿದುಳು ಗಂಟು ಕಟ್ಟಿಟ್ಟುಕೊಳ್ಳುವುದಿಲ್ಲ.

ಗ್ರಹಿಕೆ ಯಾತಕ್ಕೆ ಎಂಬುದಕ್ಕೆ ಹೀಗೆ ಉತ್ತರ ಸಿಗುತ್ತದೆ: ಮುಂದಿನ ಹೆಜ್ಜೆಗೆ. ಅರಿವು, ಅಂದರೆ ಲೇಖನದ ಮಾತಿನಲ್ಲಿ ಪ್ರಜ್ಞೆ, ಯಾತಕ್ಕೆ ಎಂಬುದು ಇನ್ನೂ ಕಗ್ಗಂಟು. ಲೇಖನ ಅದನ್ನು ಬಗೆಹರಿದ ವಿಷಯದಂತೆ ಬರೆದದ್ದು ನಮಗೆ ಒಪ್ಪಿಗೆಯಿಲ್ಲ. 1874ರಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ, ಅರಿವು ಉಗಿಬಂಡಿಯ ಶಿಳ್ಳೆಯಂತೆ, ಬಂಡಿಯನ್ನು ಎಳೆಯುವುದರಲ್ಲಿ ಅದರ ಪಾಲಿಲ್ಲ ಎಂದರು. 1890ರಲ್ಲಿ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಕೇಳಿದ ಪ್ರಶ್ನೆ ಚುರುಕಾಗಿದೆ: ಅನುಭವಕ್ಕೆ ಕೆಲಸವೇ ಇಲ್ಲದಿದ್ದರೆ ಸುಟ್ಟ ಗಾಯ ಹಿತವಾಗಿಯೂ ಉಸಿರಾಟ ಹಿಂಸೆಯಾಗಿಯೂ ಇರಬಹುದಿತ್ತಲ್ಲ, ಕೆಡುಕು ನೋವಾಗಿಯೇ ಒಳಿತು ಹಿತವಾಗಿಯೇ ಏಕಿವೆ? ನಮ್ಮ ಒಲವು ಜೇಮ್ಸ್ ಕಡೆ. ಅದಕ್ಕೆ ಒಂದು ಗಟ್ಟಿ ಸುಳಿವೂ ಇದೆ. ಶಬ್ದ ಕೇಳಿಸಿ, ಅದು ಮುಗಿಯುವ ಮುನ್ನವೇ ಕಣ್ಣಿಗೆ ಗಾಳಿ ಊದಿದರೆ, ಕೆಲ ಸುತ್ತುಗಳ ನಂತರ ಬರೀ ಶಬ್ದಕ್ಕೇ ರೆಪ್ಪೆ ಮುಚ್ಚುತ್ತದೆ. ಎರಡರ ಸಂಬಂಧ ಗಮನಕ್ಕೆ ಬಾರದವರಲ್ಲೂ ಇದು ನಡೆಯುತ್ತದೆ. ಆದರೆ ಶಬ್ದ ನಿಂತು ಅರ್ಧ ಅಥವಾ ಒಂದು ಸೆಕೆಂಡ್ ಬಿಟ್ಟು ಗಾಳಿ ಊದಿದಾಗ, ಸಂಬಂಧವನ್ನು ಅರಿತವರು ಮಾತ್ರ ಕಲಿತರು. ರಾಬರ್ಟ್ ಕ್ಲಾರ್ಕ್ ಮತ್ತು ಲ್ಯಾರಿ ಸ್ಕ್ವೈರ್ 1998ರಲ್ಲಿ ಇದನ್ನು ಪ್ರಕಟಿಸಿದರು. ಹೋದದ್ದನ್ನು ಬರುವುದರ ತನಕ ಕೈಯಲ್ಲಿ ಹಿಡಿದಿಟ್ಟುಕೊಳ್ಳುವುದು ಅರಿವಿನ ಒಂದು ಕೆಲಸವಿರಬೇಕು. ಅದೊಂದೇ ಕೆಲಸವೆಂದು ನಾವು ಹೇಳುತ್ತಿಲ್ಲ. 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ ಕಂಡ ಊರಿನಲ್ಲಿ ಚರ್ಚೆ ಇಷ್ಟಾದರೂ ಸೂಕ್ಷ್ಮವಾಗಿರಲಿ ಎಂಬ ಆಸೆ.

ಇದೆಲ್ಲ ಪಾಠದ ಕೋಣೆಯ ಮಾತು ಎನ್ನುವವರು ಕಬ್ಬು ಅರೆಯುವ ಹಂಗಾಮಿನಲ್ಲಿ ಒಂದು ರಾತ್ರಿ ಮಂಡ್ಯ ಸುತ್ತಿನ ರಸ್ತೆಗಳಲ್ಲಿ ಬರಲಿ. ಎದುರಿನ ವಸ್ತು ಹತ್ತಿರವಾಗುತ್ತಿದೆ ಎಂದು ನಮಗೆ ತಿಳಿಯುವುದು ಅದು ಕಣ್ಣಿನಲ್ಲಿ ಹಿಗ್ಗುವುದರಿಂದ. ಮೇಲೆರಗುವ ಪ್ರಾಣಿಗೆ, ಓಟದ ವೇಗಕ್ಕೆ ರೂಪುಗೊಂಡ ಸಾಮರ್ಥ್ಯವಿದು. ಹಿಗ್ಗುವ ವೇಗ ಸೆಕೆಂಡಿಗೆ ಸುಮಾರು 0.17 ಡಿಗ್ರಿ ದಾಟುವವರೆಗೆ ಕಣ್ಣಿಗೆ ಅದು ನಿಂತ ಹಾಗೇ. ಗಂಟೆಗೆ 20 ಕಿ.ಮೀ. ವೇಗದ ಕಬ್ಬಿನ ಟ್ರೈಲರ್ ಹಿಂದೆ 80ರಲ್ಲಿ ಕಾರು ಬರುತ್ತಿದೆ ಎನ್ನಿ. ಟ್ರೈಲರ್‌ನ ಎಂಟಡಿ ಅಗಲ ಪೂರ್ತಿ ಕಾಣುತ್ತಿದ್ದರೆ ಸುಮಾರು 115 ಮೀಟರ್ ದೂರದಲ್ಲೇ ಚಾಲಕನಿಗೆ ಗೊತ್ತಾಗುತ್ತದೆ, ಏಳು ಸೆಕೆಂಡ್ ಕೈಯಲ್ಲಿರುತ್ತದೆ. ಕಾಣುವುದು ನಡುವೆ ಮಿಣಕುವ ನಾಲ್ಕಿಂಚಿನ ಒಂದೇ ದೀಪವಾದರೆ ತಿಳಿಯುವುದು 24 ಮೀಟರಿನಲ್ಲಿ. ಉಳಿಯುವುದು ಒಂದೂವರೆ ಸೆಕೆಂಡಿಗೂ ಕಡಿಮೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅದು ಮುಗಿದಿರುತ್ತದೆ. ಹೆಚ್ಚು ಪ್ರಖರವಾದ ಬಲ್ಬ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ, ಹಿಗ್ಗಲು ಎರಡು ತುದಿ ಬೇಕು.

ಆದ್ದರಿಂದ ಸಕ್ಕರೆ ಕಾರ್ಖಾನೆಗಳ ತೂಕದ ಸೇತುವೆಯ (ವೇಬ್ರಿಡ್ಜ್) ಬಳಿಯೇ, ಖಾಲಿ ಟ್ರೈಲರ್ ಹೊರಡುವಾಗ, ಹಿಂಬದಿಯ ಎಡ ಮತ್ತು ಬಲ ಅಂಚುಗಳಿಗೆ ಒಂದೇ ಎತ್ತರದಲ್ಲಿ ಕೆಂಪು ರೇಡಿಯಂ ಪಟ್ಟಿ ಅಂಟಿಸುವಂತಾಗಲಿ. ಅಂಟಿಸುವ ಮೊದಲು ತಗಡಿನ ಮಣ್ಣು, ಗ್ರೀಸ್ ಒರೆಸಬೇಕು, ಇಲ್ಲದಿದ್ದರೆ ಪಟ್ಟಿ ನಿಲ್ಲುವುದಿಲ್ಲ. ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿಬಿಡುತ್ತದೆ. ಹೊರೆ ಬಿಗಿದ ಮೇಲೆ ಅಷ್ಟು ಸೋಗೆಯನ್ನು ಕುಡುಗೋಲಿನಿಂದ ಸವರಿ ಗಾಡಿ ಬಿಡಲಿ.

– ಮನೋವಿಜ್ಞಾನ ಮತ್ತು ಶರೀರಕ್ರಿಯಾ ವಿಜ್ಞಾನದ ಇಬ್ಬರು ಬೋಧಕರು, ಕುವೆಂಪುನಗರ, ಮೈಸೂರು