ಗೆದ್ದೆ ಎಂದು ಬರೆಯುವ ಮುಂಚೆ

ಪ್ರೀತಿಯ ತಂಗಿ,

ನಿನ್ನ ಖಿನ್ನತೆಯ ಬಗ್ಗೆ ನೀನು ಬರೆದ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಅರ್ಧಕ್ಕೇ ನಿಂತುಬಿಟ್ಟೆ. ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿಕೊಂಡು, ಏಳಲಾಗದೆ ಮಂಚದ ಅಂಚಿನಲ್ಲೇ ಮೂರು ಗಂಟೆ ಕೂತಿದ್ದೆ ಎಂದು ಬರೆದಿದ್ದೀಯಲ್ಲ, ಅಲ್ಲಿ. ನಾನೂ ಹಾಗೆ ಕೂತವಳು. ಅದನ್ನು ಇಷ್ಟು ಸರಳವಾಗಿ ಹೇಳಬಹುದು ಅಂತ ನನಗೆ ಹೊಳೆದಿರಲಿಲ್ಲ.

ಇದನ್ನು ಪ್ರಕಟಿಸಲಾ ಎಂದು ಕೇಳಿದ್ದೀಯ. ಪ್ರಕಟಿಸು. ಆದರೆ ಕೊನೆಯ ಪುಟ ತೆಗೆದುಬಿಡು.

‘ಖಿನ್ನತೆಯನ್ನು ಗೆದ್ದು ಹೊಸ ಮನುಷ್ಯಳಾಗಿದ್ದೇನೆ’ ಎಂದು ಮುಗಿಸಿದ್ದೀಯ. ನನ್ನ ಮೊದಲ ಬರಹವೂ ಹೀಗೇ ಮುಗಿದಿತ್ತು. ಓದಿದವರು ಬೆನ್ನು ತಟ್ಟಿದರು. ಎರಡು ವರ್ಷಕ್ಕೆ ಕಾಯಿಲೆ ಮರಳಿ ಬಂತು. ಆಗ ಯಾರ ಹತ್ತಿರವೂ ಬಾಯಿ ಬಿಡಲಾಗಲಿಲ್ಲ. ಗೆದ್ದೆ ಅಂತ ನಾನೇ ಊರಿಗೆಲ್ಲ ಸಾರಿದ್ದೆನಲ್ಲ. ಡಾಕ್ಟರ ಹತ್ತಿರ ಹೋಗುವುದನ್ನೂ ತಿಂಗಳುಗಟ್ಟಲೆ ಮುಂದೂಡಿದೆ. ಬೇರೆಯವರ ನಾಚಿಕೆ ಕಳೆಯಲೆಂದು ಬರೆದ ಬರಹ ನನಗೇ ನಾಚಿಕೆ ತಂದಿಟ್ಟಿತು. ನಿನಗೆ ಹಾಗಾಗಬಾರದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕ್ಲಿಫರ್ಡ್ ಬೀರ್ಸ್ ಹೆಸರು ಕೇಳಿದ್ದೀಯಾ? ಅಮೆರಿಕದವರು. 1900ರಿಂದ ಸುಮಾರು ಮೂರು ವರ್ಷ ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದರು. ಅಲ್ಲಿ ಅನುಭವಿಸಿದ ಹಿಂಸೆಯನ್ನು 1908ರಲ್ಲಿ ಪುಸ್ತಕವಾಗಿ ತಂದರು, ಅದೂ ಸ್ವಂತ ಹೆಸರಿನಲ್ಲಿ. ಆ ಕಾಲದಲ್ಲಿ ಅದೆಂಥ ಧೈರ್ಯ ಅಲ್ವಾ? ಮರುವರ್ಷವೇ ಮಾನಸಿಕ ಆರೋಗ್ಯಕ್ಕೆಂದು ರಾಷ್ಟ್ರೀಯ ಸಮಿತಿಯೊಂದನ್ನು ಕಟ್ಟಿ, ಮುಂದೆ ದಶಕಗಳ ಕಾಲ ಅದಕ್ಕಾಗಿ ದುಡಿದರು. 1939ರಲ್ಲಿ ಮತ್ತೆ ಮಾನಸಿಕ ಆಸ್ಪತ್ರೆ ಸೇರಿದರು, 1943ರಲ್ಲಿ ತೀರಿಕೊಂಡರು. ಇದು ತಿಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆಮೇಲೆ ಒಂದು ಥರ ಸಮಾಧಾನವೂ ಆಯಿತು. ಕಾಯಿಲೆ ಮರಳಿದ ಮಾತ್ರಕ್ಕೆ ಅವರು ಬರೆದದ್ದೇನೂ ಸುಳ್ಳಾಗಲಿಲ್ಲ.

ಎರಡನೇ ಪುಟದಲ್ಲಿ ಮೆದುಳಿನ ರಾಸಾಯನಿಕಗಳ ಬಗ್ಗೆ ಉದ್ದಕ್ಕೆ ಬರೆದಿದ್ದೀಯ. ‘ಇದು ನನ್ನ ತಪ್ಪಲ್ಲ’ ಎಂದು ಹೇಳುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಸಂಶೋಧಕರು ಕಂಡಿರುವುದು ಬೇರೆ. ಬರೀ ಮೆದುಳಿನ ದೋಷ ಎಂದು ವಿವರಿಸಿದರೆ ಜನ ದೂರುವುದು ಕಡಿಮೆಯಾಗುತ್ತದೆ, ‘ಇದು ವಾಸಿಯಾಗಲ್ಲ’ ಎಂಬ ನಂಬಿಕೆ ಮಾತ್ರ ಜಾಸ್ತಿಯಾಗುತ್ತದೆ. ದೊಡ್ಡವರ ಮನಸ್ಸನ್ನು ಉಪದೇಶಕ್ಕಿಂತ ಹೆಚ್ಚು ಬದಲಿಸುವುದು ಕಾಯಿಲೆಯ ಜತೆ ಬದುಕುತ್ತಿರುವ ಒಬ್ಬ ಮನುಷ್ಯನ ಪರಿಚಯ. ನಿನ್ನ ಟವೆಲ್ ಮಾಡುವುದು ಆ ಕೆಲಸವನ್ನೇ. ರಾಸಾಯನಿಕಗಳನ್ನು ಎರಡು ಸಾಲಿಗೆ ಇಳಿಸು.

ಇನ್ನು, ಬರೆಯಲು ಕೈ ನಡುಗುವ ಭಾಗ. ಸಾಯಬೇಕು ಅನ್ನಿಸಿದ ಆ ರಾತ್ರಿ. ಅದನ್ನು ಮುಚ್ಚಿಡಬೇಡ. ಹೇಗೆ, ಎಲ್ಲಿ, ಯಾವುದರಿಂದ ಎಂಬ ವಿವರ ಮಾತ್ರ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಹೇಳುವುದೂ ಇದನ್ನೇ. ಆ ವಿವರ ಅದೇ ಸ್ಥಿತಿಯಲ್ಲಿರುವ ಓದುಗನನ್ನು ಅಪಾಯಕ್ಕೆ ತಳ್ಳಬಹುದು. ಅದರ ಬದಲು, ಬೆಳಗಾಗುವ ತನಕ ನಿನ್ನನ್ನು ಹಿಡಿದಿಟ್ಟದ್ದು ಏನು ಎಂಬುದನ್ನು ಬರೆ. ಅಂಥ ಗಳಿಗೆಯನ್ನು ದಾಟಿದವರ ಕಥೆಗಳು ಪತ್ರಿಕೆಯಲ್ಲಿ ಬಂದಾಗ ಆತ್ಮಹತ್ಯೆಗಳು ಕಡಿಮೆಯಾದದ್ದನ್ನು ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ವರದಿ ಮಾಡಿದ್ದಾರೆ. ನಾನು ಬೇಡ ಎಂದದ್ದು ಭರವಸೆಯನ್ನಲ್ಲ, ತಂಗಿ. ಗೆಲ್ಲುವುದು ಬೇರೆ, ದಾಟುವುದು ಬೇರೆ. ಗೆಳತಿಗೆ ಫೋನ್ ಮಾಡಿದೆ, ಅವಳು ಬಂದು ಸುಮ್ನೆ ಪಕ್ಕದಲ್ಲಿ ಕೂತಳು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದು ಒಂದು ಪುಟ ಆಗಲಿ. ಅವಳು ಏನು ಕೇಳಿದಳು, ಏನು ಕೇಳಲಿಲ್ಲ? ಪಕ್ಕದಲ್ಲಿ ಕೂರುವುದು ಹೇಗೆ ಅಂತ ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ.

ಅಮ್ಮನ ವಿಷಯ ಬಂದಿದೆ. ಅವರಿಗೆ ಮೊದಲು ಓದಿ ಹೇಳು. ಬೇಡ ಅಂದರೆ ಆ ಭಾಗ ಬಿಡು. ನಿನ್ನ ಕಾಯಿಲೆ ನಿನ್ನದು, ಅವರ ಕಣ್ಣೀರು ಅವರದು. ಹಾಗೆಯೇ, ಒಮ್ಮೆ ಹೊರಬಿದ್ದ ಮಾತನ್ನು ವಾಪಸ್ ತರಲಾಗದು. ನಾಳೆ ಕೆಲಸ ಕೊಡುವವರೂ ಓದುತ್ತಾರೆ, ಜಗಳವಾದಾಗ ಅದನ್ನೇ ಎತ್ತಿ ಆಡುವವರೂ ಓದುತ್ತಾರೆ. ಇದನ್ನೆಲ್ಲ ಯೋಚಿಸಿಯೂ ಬರೆಯಬೇಕು ಅನ್ನಿಸಿದರೆ ಬರೆ. ಬೇಡ ಅನ್ನಿಸಿದರೆ ನೀನು ಹೇಡಿಯಲ್ಲ. ಧೈರ್ಯವಂತಳು ಅನ್ನಿಸಿಕೊಳ್ಳಲು ಯಾರೂ ತಮ್ಮ ಗಾಯ ತೋರಿಸಬೇಕಿಲ್ಲ.

ಕೊನೆಯ ಪುಟದ ಜಾಗದಲ್ಲಿ ಈಗಿನ ಒಂದು ಮಾಮೂಲಿ ದಿನವನ್ನು ಬರೆ. ಮಾತ್ರೆ ನುಂಗುವುದು, ಮರೆತುಹೋಗುವುದು, ನಕ್ಕಿದ್ದು, ಮತ್ತೆ ಬಂದೀತೇ ಎಂಬ ಹೆದರಿಕೆ, ಎಲ್ಲ ಇರಲಿ. ಬರೆಯುತ್ತಾ ಉಸಿರು ಕಟ್ಟಿದಂತಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸು. ಬರಹ ಕಾಯುತ್ತದೆ.

ತಿದ್ದಿದ್ದನ್ನು ಕಳಿಸುವಾಗ, ಈ ವಾರ ನಿದ್ದೆ ಹೇಗಿದೆ ಅಂತಲೂ ಒಂದು ಸಾಲು ಬರೆ.

ನಿನ್ನ ಅಕ್ಕ